18.05 ಮೀಟರ್ ಎಂದರೆ ಎಷ್ಟು ದೂರ?

ಮಾನ್ಯ ಸಂಪಾದಕರೆ,

ಪ್ಯಾರಿಸ್ ಒಲಿಂಪಿಕ್ಸ್‌ನ ಗುಂಡು ಎಸೆತದಲ್ಲಿ ತಜಿಂದರ್‌ಪಾಲ್ ಸಿಂಗ್ ತೂರ್ ಫೈನಲ್ ತಲುಪಲಿಲ್ಲ ಎಂಬ ಸುದ್ದಿ ನಿಮ್ಮ ಕ್ರೀಡಾಪುಟದ ಕೆಳಮೂಲೆಯಲ್ಲಿ ಮೂರು ಸಾಲಿನಲ್ಲಿ ಬಂದಿತ್ತು. ‘ತೂರ್‌ಗೆ ನಿರಾಸೆ’ ಅಂತ ತಲೆಬರಹ, 18.05 ಮೀಟರ್ ಅಂತ ಒಂದು ಅಂಕಿ, ಮುಗಿಯಿತು. ಸುದ್ದಿ ಸುಳ್ಳಲ್ಲ. ತಮ್ಮದೇ ದಾಖಲೆಗಿಂತ ಮೂರೂವರೆ ಮೀಟರಿಗೂ ಹಿಂದೆ ಬಿದ್ದವರನ್ನು ಹಾಡಿ ಹೊಗಳಿ ಎಂದು ನಾನೂ ಹೇಳುತ್ತಿಲ್ಲ. ಆದರೆ ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಪಿ.ಟಿ. ಮೇಷ್ಟರಾಗಿದ್ದ ನನಗೆ ಆ ಮೂರು ಸಾಲು ಓದಿ ಸುಮ್ಮನಿರಲು ಆಗಲಿಲ್ಲ.

ವಾಲಿಬಾಲ್ ಅಂಕಣದ ಉದ್ದ ಹದಿನೆಂಟು ಮೀಟರ್. ಈ ಗೆರೆಯ ಹಿಂದೆ ನಿಂತು ಆ ಗೆರೆಯಾಚೆಗೆ 7.26 ಕೆ.ಜಿ. ಕಬ್ಬಿಣದ ಗುಂಡನ್ನು ಕಳಿಸಿದರೆ ಆಯಿತಲ್ಲ, ಅದು ನೀವು ಬರೆದ ‘ನಿರಾಸೆ’. ಗುಂಡಿನ ಗಾತ್ರ ನಮ್ಮ ಕಡೆಯ ಸುಲಿದ ತೆಂಗಿನಕಾಯಿಯಷ್ಟು. ತೂಕ, ಮನೆಯ ಸಿಲಿಂಡರಿನಲ್ಲಿ ತುಂಬಿರುವ ಗ್ಯಾಸಿನ ಅರ್ಧಕ್ಕಿಂತ ಒಂದು ಚೂರು ಜಾಸ್ತಿ. ಅನುಮಾನವಿದ್ದರೆ ನಿಮ್ಮ ಕ್ರೀಡಾ ವರದಿಗಾರರು ಒಮ್ಮೆ ಎತ್ತಿ ಕತ್ತಿನ ಪಕ್ಕ ಇಟ್ಟುಕೊಂಡು ನೋಡಲಿ. ಎಸೆಯುವುದು ಆಮೇಲಿನ ಮಾತು.

ಎಸೆಯುವುದು ಅಂದೆ. ಈ ಪದವೇ ನನಗೆ ವರ್ಷಗಟ್ಟಲೆ ತಲೆನೋವು ಕೊಟ್ಟಿದೆ. ಕನ್ನಡದಲ್ಲಿ ‘ಗುಂಡು ಎಸೆತ’ ಎನ್ನುತ್ತೇವೆ, ಆದರೆ ಗುಂಡನ್ನು ಎಸೆಯುವಂತಿಲ್ಲ. ಗದ್ದಕ್ಕೋ ಕತ್ತಿಗೋ ತಾಗಿಸಿಕೊಂಡು ಒಂದೇ ಕೈಯಲ್ಲಿ ನೂಕಬೇಕು, ಭುಜದ ಹಿಂದಕ್ಕೆ ಹೋಗಕೂಡದು. ಎಂಟನೇ ತರಗತಿಗೆ ಹೊಸದಾಗಿ ಬಂದ ಹುಡುಗರು ಹೆಸರು ನಂಬಿಕೊಂಡು ಬೌಂಡರಿಯಿಂದ ಚೆಂಡು ಬೀಸಿದ ಹಾಗೆ ಬೀಸಿ, ಮೊಣಕೈ ಹಿಡಿದುಕೊಂಡು ಕೂತುಬಿಡುತ್ತಿದ್ದರು. ನಿಂತು ನೂಕಬೇಕಾದ್ದು ಎರಡು ಮೀಟರ್ ಚಿಲ್ಲರೆ ಅಡ್ಡಳತೆಯ ವೃತ್ತದೊಳಗೆ, ಅಂದರೆ ಏಳಡಿ. ನಾನು ಗೂಟಕ್ಕೆ ಮೂರೂವರೆ ಅಡಿ ಹಗ್ಗ ಕಟ್ಟಿ ಸುತ್ತು ಹಾಕಿ ಸುಣ್ಣದ ಪುಡಿ ಚೆಲ್ಲುತ್ತಿದ್ದೆ. ಮುಂದೆ ಹಲಗೆ ಇಲ್ಲದ್ದಕ್ಕೆ ಒಂದು ಅಡಿಕೆ ದಬ್ಬೆ. ಅದನ್ನು ಮೆಟ್ಟಿದರೆ ಫೌಲ್. ಗುಂಡು ನೆಲಕ್ಕೆ ಬೀಳುವ ಮೊದಲೇ ವೃತ್ತ ಬಿಟ್ಟು ಬಂದರೂ ಫೌಲ್. ಎಷ್ಟು ದೂರ ಹೋಗಿದ್ದರೂ ಅಳೆಯುವಂತಿಲ್ಲ. ಹೋಬಳಿ ಕ್ರೀಡಾಕೂಟದಲ್ಲಿ ಈ ವಿಷಯಕ್ಕೆ ಪೋಷಕರ ಕೈಲಿ ನಾನು ತಿಂದ ಬೈಗುಳ ಇನ್ನೂ ಕಿವಿಯಲ್ಲಿದೆ.

ತೂರ್ ಅವರ ವಿಷಯಕ್ಕೆ ಬರುತ್ತೇನೆ. ಪಂಜಾಬಿನ ಮೋಗಾ ಜಿಲ್ಲೆಯ ಖೋಸಾ ಪಾಂಡೋ ಎಂಬ ಹಳ್ಳಿ, ಒಕ್ಕಲುತನದ ಮನೆ. ಹುಡುಗನಿಗೆ ಕ್ರಿಕೆಟ್ ಹುಚ್ಚು. ಗುಂಡಿನ ಕಡೆ ತಿರುಗಿಸಿದವರು ಅಪ್ಪ ಕರಮ್ ಸಿಂಗ್. ಇದನ್ನು ಓದಿದಾಗ ನಾನೊಂದು ಲೆಕ್ಕ ಹಾಕಿದ್ದೆ. ಕ್ರಿಕೆಟ್ ಪಿಚ್ಚಿನ ಉದ್ದ 20.12 ಮೀಟರ್. ಈ ತುದಿಯ ಸ್ಟಂಪಿನ ಬಳಿ ನಿಂತು ನೂಕಿದ ಗುಂಡು ಆ ತುದಿಯ ಸ್ಟಂಪು ದಾಟಿ ಬಿದ್ದರೆ ಏಷ್ಯಾದಲ್ಲಿ ಪದಕದ ಮಾತು ಆಡಬಹುದು. 2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ತೂರ್ 20.75 ಮೀಟರ್ ದಾಟಿಸಿ ಚಿನ್ನ ಗೆದ್ದರು. ಓಂ ಪ್ರಕಾಶ್ ಕರ್ಹಾನಾ ಅವರ 20.69 ಮೀಟರಿನ ರಾಷ್ಟ್ರೀಯ ದಾಖಲೆಯೂ ಅಂದೇ ಹೋಯಿತು. ಆಗ ಅಪ್ಪ ಕ್ಯಾನ್ಸರ್‌ನಿಂದ ಹಾಸಿಗೆ ಹಿಡಿದಿದ್ದರು. ಮಗ ಊರಿಗೆ ಬಂದು ಪದಕ ತೋರಿಸುವ ಮೊದಲೇ, ಸೆಪ್ಟೆಂಬರಿನ ಮೊದಲ ವಾರದಲ್ಲಿ ತೀರಿಕೊಂಡರು.

ಆಮೇಲೆ 2019ರಲ್ಲಿ ದೋಹಾದ ಏಷ್ಯನ್ ಚಾಂಪಿಯನ್‌ಷಿಪ್ ಚಿನ್ನ. 2021ರ ಜೂನ್‌ನಲ್ಲಿ ಪಟಿಯಾಲದಲ್ಲಿ 21.49, ಅದು ಏಷ್ಯನ್ ದಾಖಲೆ. ಟೋಕಿಯೊ ಒಲಿಂಪಿಕ್ಸ್ ಪ್ರವೇಶಕ್ಕೆ ಬೇಕಾಗಿದ್ದು 21.10. ಆದರೆ ಟೋಕಿಯೊದಲ್ಲಿ 19.99ಕ್ಕೇ ನಿಂತರು. ಮರುವರ್ಷ ವಿಶ್ವ ಚಾಂಪಿಯನ್‌ಷಿಪ್‌ಗೆ ಅಮೆರಿಕದ ಯುಜೀನ್‌ಗೆ ಹೋಗಿ, ತೊಡೆಸಂದಿಯ ನೋವಿನಿಂದ ಸ್ಪರ್ಧಿಸದೆ ವಾಪಸಾದರು. ಒಂದು ವರ್ಷ ಕಳೆದು, 2023ರ ಜೂನ್‌ನಲ್ಲಿ ಭುವನೇಶ್ವರದಲ್ಲಿ 21.77! ತಮ್ಮದೇ ಏಷ್ಯನ್ ದಾಖಲೆಯನ್ನು ತಾವೇ ಮುರಿದರು. ಮುಂದಿನ ತಿಂಗಳು ಬ್ಯಾಂಕಾಕ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಎರಡನೇ ಸರದಿಗೆ 20.23 ಮೀಟರ್ ನೂಕಿ ಕುಂಟುತ್ತಾ ಆಚೆ ಬಂದರು, ಚಿನ್ನ ಅದರಲ್ಲೇ ಬಂತು. ಅದೇ ನೋವು ಬುಡಾಪೆಸ್ಟ್‌ನ ವಿಶ್ವ ಚಾಂಪಿಯನ್‌ಷಿಪ್ಪನ್ನೂ ತಪ್ಪಿಸಿತು.

ಇನ್ನು ಚೀನಾದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟ. 2023ರ ಅಕ್ಟೋಬರ್ 1, ಭಾನುವಾರ. ಮೊದಲೆರಡು ಎಸೆತ ಫೌಲ್. ಮೂರನೆಯದು 19.51, ನಾಲ್ಕನೆಯದು 20.06, ಐದನೆಯದು ಮತ್ತೆ ಫೌಲ್. ಸೌದಿ ಅರೇಬಿಯಾದ ಮೊಹಮ್ಮದ್ ಟೋಲೊ 20.18 ಮೀಟರಿನೊಂದಿಗೆ ಮುಂದಿದ್ದಾರೆ. ಉಳಿದಿರುವುದು ಒಂದೇ ಎಸೆತ. ಮನೆಯಲ್ಲಿ ಟಿ.ವಿ. ಮುಂದೆ ನಾನು ಎದ್ದು ನಿಂತಿದ್ದೆ. ‘ಕೂತ್ಕೊಳ್ರೀ, ನೀವು ಎಸೀಬೇಕಾ?’ ಅಂದಳು ನನ್ನ ಹೆಂಡತಿ. 20.36! ಹದಿನೆಂಟು ಸೆಂಟಿಮೀಟರ್ ಅಂತರದ ಚಿನ್ನ. ಪ್ರದ್ಯುಮನ್ ಸಿಂಗ್, ಜೋಗಿಂದರ್ ಸಿಂಗ್, ಬಹಾದುರ್ ಸಿಂಗ್ ಅವರ ನಂತರ ಏಷ್ಯನ್ ಕೂಟದಲ್ಲಿ ಗುಂಡು ಎಸೆತದ ಚಿನ್ನ ಉಳಿಸಿಕೊಂಡ ನಾಲ್ಕನೇ ಭಾರತೀಯ ಇವರು. ಮರುದಿನ ಪತ್ರಿಕೆಗಳಲ್ಲಿ 20.36 ಇತ್ತು. ಆ ಮೂರು ಫೌಲ್‌ಗಳು ಎಲ್ಲೂ ಇರಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಿಗೆ ನಾನು ತೋರಿಸಬೇಕಿದ್ದದ್ದು ಅವನ್ನೇ.

ಕೊಂಚ ಒರಟಾಗಿ ಹೇಳುತ್ತೇನೆ, ಬೇಸರಿಸಬೇಡಿ. ಕ್ರಿಕೆಟಿಗ ಸೊನ್ನೆಗೆ ಔಟಾದರೆ ಯಾವ ಬೌಲರ್, ಯಾವ ಚೆಂಡು, ಯಾರು ಹಿಡಿದರು ಎಂದೆಲ್ಲ ಬರೆಯುತ್ತೀರಿ. ಗುಂಡು ಎಸೆಯುವವರಿಗೆ ಒಂದು ಅಂಕಿ, ಒಂದು ವಿಶೇಷಣ. ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನಲ್ಲಿ ಸಿಗುವುದು ಮೂರೇ ಅವಕಾಶ ಎಂಬುದನ್ನೂ ಬರೆಯುವುದಿಲ್ಲ. ಹಾಂಗ್‌ಝೌನಲ್ಲೂ ಮೂರೇ ಇದ್ದಿದ್ದರೆ ಅಂದು ತೂರ್ 19.51ಕ್ಕೆ ಮನೆಗೆ ಬರಬೇಕಿತ್ತು. ಹಾಗೆಂದು ಭ್ರಮೆಯೂ ಬೇಡ. ಅಮೆರಿಕದ ರಯಾನ್ ಕ್ರೌಸರ್ ಅವರ ವಿಶ್ವದಾಖಲೆ 23.56. ಮೈಯೆಲ್ಲ ಸರಿಯಿದ್ದ ದಿನವೂ ನಮ್ಮವರಿಗೂ ಅವರಿಗೂ ಒಂದು ಮಂಚದ ಉದ್ದದಷ್ಟು ಅಂತರವಿದೆ. ಅದನ್ನೂ ಬರೆಯಿರಿ, ಓದುಗರಿಗೆ ಅರ್ಥವಾಗುತ್ತದೆ. ನಿರಾಸೆ ಎಂಬ ಒಂದು ಪದದಿಂದ ಏನೂ ಅರ್ಥವಾಗುವುದಿಲ್ಲ.

ಇದು ತೂರ್ ಒಬ್ಬರ ಮಾತಲ್ಲ. ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಡಿಸ್ಕಸ್ ಫೈನಲ್ ತಲುಪಿ ಎಂಟನೆಯವರಾದರು. ನಮ್ಮ ತಾಲ್ಲೂಕಿನಲ್ಲಿ ಅದು ಎಷ್ಟು ಜನರಿಗೆ ಗೊತ್ತಿದೆ ಎಂದು ಕೇಳಿ ನೋಡಿ.

ನನ್ನ ಕೋರಿಕೆ ಚಿಕ್ಕದು. 2026ರಲ್ಲಿ ಜಪಾನಿನ ನಗೋಯಾದಲ್ಲಿ ಏಷ್ಯನ್ ಕ್ರೀಡಾಕೂಟ ಇದೆ. ತೂರ್ ಅವರಿಗೆ ಆಗ ಮೂವತ್ತೆರಡರ ಹತ್ತಿರ. ಭುಜ, ಸೊಂಟ ಕೈಕೊಡದಿದ್ದರೆ ಅವರೂ ಇರಬಹುದು, ಇಲ್ಲದಿದ್ದರೆ ಬೇರೆ ಹುಡುಗ ಇರುತ್ತಾನೆ. ಯಾರೇ ಇರಲಿ, ಅವತ್ತು ಆರೂ ಎಸೆತಗಳನ್ನು ಸಾಲಾಗಿ ಅಚ್ಚು ಹಾಕಿ. ಫೌಲ್ ಆದ ಕಡೆ ಇಂಟು ಗುರುತು ಸಾಕು. ಒಂದು ಅಂಗುಲ ಜಾಗ ಹಿಡಿಯುತ್ತದೆ. ಕತ್ತರಿಸಿ ಶಾಲೆಯ ನೋಟಿಸ್ ಬೋರ್ಡಿಗೆ ಅಂಟಿಸಲು ನಾನಿದ್ದೇನೆ.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ತಿಪಟೂರು