92 ಸಾವಿರಕ್ಕೆ ಎಷ್ಟು ಪ್ಯಾಂಟ್ ಹೊಲಿಯಬೇಕು?

ಮಾನ್ಯ ಸಂಪಾದಕರೆ,

ಸಂಕ್ರಾಂತಿ ಮುಗಿಯುವುದೇ ತಡ, ನಮ್ಮ ಬಳ್ಳಾರಿಯಲ್ಲಿ ಮತ್ತೆ ಶುರುವಾಗಿದೆ. ಹೋದ ಭಾನುವಾರ ಒಂದು ಹೋಟೆಲಿನ ಹಾಲ್‌ನಲ್ಲಿ ಸಭೆ ಇತ್ತು. ಟೀ ಬಿಸ್ಕತ್ತು ಉಚಿತ, ಪರದೆ ಮೇಲೆ ಕೆಂಪು ಇಟ್ಟಿಗೆಯ ದೊಡ್ಡ ದೊಡ್ಡ ಕಟ್ಟಡ, ಹುಲ್ಲಿನ ಮೇಲೆ ಕೂತು ನಗುವ ಹುಡುಗ ಹುಡುಗಿಯರು. ಹೈಸ್ಕೂಲ್ ಮತ್ತು ಪಿಯುಸಿ ಮಕ್ಕಳಿಗೆ ದೊಡ್ಡ ವಿಶ್ವವಿದ್ಯಾಲಯದಲ್ಲಿ ಎರಡು ವಾರದ ಬೇಸಿಗೆ ಶಾಲೆಯಂತೆ, ಈ ತಿಂಗಳೊಳಗೆ ದುಡ್ಡು ಕಟ್ಟಿದರೆ ರಿಯಾಯಿತಿಯಂತೆ. ನನಗೂ ಫೋನ್ ಬಂದಿತ್ತು. ಹೋದ ವರ್ಷ ನಾನೂ ಅವರ ಗಿರಾಕಿಯೇ ಅಲ್ವಾ. 'ಮೇಡಂ, ಈ ಸಲ ಮಗನನ್ನು ಕಳಿಸಿ' ಅಂದರು. ಫೋನ್ ಇಟ್ಟ ಮೇಲೆ ಈ ಪತ್ರ ಬರೆಯಲು ಕೂತೆ.

ನಾನು ಕೌಲ್ ಬಜಾರಿನಲ್ಲಿ ಎಂಟು ಮಷಿನ್ ಇಟ್ಟುಕೊಂಡು ಜೀನ್ಸ್ ಹೊಲಿಸುವವಳು. ದೊಡ್ಡ ಯಜಮಾನಿ ಏನಲ್ಲ. ಬಟ್ಟೆ ಕೊಟ್ಟವರಿಗೆ ಪ್ಯಾಂಟ್ ಹೊಲಿದು ಕೊಟ್ಟರೆ, ಕೂಲಿ, ಕರೆಂಟು, ದಾರ, ಎಲ್ಲ ಕಳೆದು ಒಂದು ಪ್ಯಾಂಟಿಗೆ ನನ್ನ ಕೈಯಲ್ಲಿ ಉಳಿಯುವುದು 18 ರೂಪಾಯಿ. ಮಗಳ ಬೇಸಿಗೆ ಶಾಲೆಗೆ ಫೀಸು, ರೈಲು, ಹೊಸ ಚಪ್ಪಲಿ, ಬ್ಯಾಗು ಎಲ್ಲ ಸೇರಿ 92 ಸಾವಿರ ಆಯಿತು. ಅಂದರೆ ಐದು ಸಾವಿರದ ನೂರು ಪ್ಯಾಂಟ್. ದಿನಕ್ಕೆ ನೂರು ಪ್ಯಾಂಟ್ ಎಂದರೂ ಎರಡು ತಿಂಗಳ ಹತ್ತಿರ ಹತ್ತಿರದ ದುಡಿಮೆ. ಎರಡು ವಾರಕ್ಕೆ! ನನ್ನ ಯಜಮಾನರು ಆಗಲೇ ಹೇಳಿದ್ದರು, ಅಷ್ಟರಲ್ಲಿ ಇನ್ನೊಂದು ಓವರ್‌ಲಾಕ್ ಮಷಿನ್ ಬರುತ್ತದೆ ಅಂತ. ನಾನೇ ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಅಂದರೆ, ಒಂದು ಈಮೇಲ್ ಬಂದಿತ್ತು. 'ಅಭಿನಂದನೆಗಳು, ನಿಮ್ಮ ಮಗಳು ಆಯ್ಕೆಯಾಗಿದ್ದಾಳೆ' ಎಂದು. ಹತ್ತನೇ ತರಗತಿವರೆಗೂ ಕನ್ನಡ ಮೀಡಿಯಂನಲ್ಲಿ ಓದಿದ ಹುಡುಗಿ ಆಯ್ಕೆ ಆಗಿದ್ದಾಳೆ ಎಂದರೆ ಯಾವ ತಾಯಿಗೆ ಕಣ್ಣು ತುಂಬುವುದಿಲ್ಲ ಹೇಳಿ. ಅಕ್ಕಪಕ್ಕದವರಿಗೆಲ್ಲ ಪೇಡೆ ಹಂಚಿದೆ. ಆಮೇಲೆ ಅಲ್ಲಿ ಹೋಗಿ ಮಗಳು ವಿಚಾರಿಸಿದರೆ, ಅವಳ ಕೋಣೆಯ ಸಾಲಿನ ಯಾರಿಗೂ, ಅರ್ಜಿ ಹಾಕಿ ತಿರಸ್ಕಾರವಾದ ಒಬ್ಬ ಗೆಳತಿಯೂ ಗೊತ್ತಿರಲಿಲ್ಲ. ಪರೀಕ್ಷೆ ಇಲ್ಲ, ಸಂದರ್ಶನ ಇಲ್ಲ. ಹತ್ತು ಸಾಲಿನ ಒಂದು ಪ್ರಬಂಧ ಬರೆದು ದುಡ್ಡು ಕಟ್ಟಿದವರೆಲ್ಲ ಆಯ್ಕೆ. ನಮ್ಮ ಕಡೆ ಬಟ್ಟೆ ಅಂಗಡಿಯವರು 'ನಿಮಗೇ ಅಂತ ತೆಗೆದಿಟ್ಟಿದ್ದೆ' ಅಂತಾರಲ್ಲ, ಅದೇ ಧಾಟಿ.

ಊರು ಕೇರಿ ಹೆಸರು ಹೇಳುವುದಿಲ್ಲ. ಹೊರ ರಾಜ್ಯದ ಒಂದು ಖಾಸಗಿ ವಿಶ್ವವಿದ್ಯಾಲಯ ಅಂತ ಇಟ್ಟುಕೊಳ್ಳಿ. ಪುಸ್ತಿಕೆಯಲ್ಲಿ ಫೋಟೋ ಇದ್ದ ಪ್ರೊಫೆಸರ್ ಮೊದಲ ದಿನ ಬಂದು ಮುಕ್ಕಾಲು ಗಂಟೆ ಮಾತಾಡಿ ಹೋದವರು ಮತ್ತೆ ಕಾಣಲೇ ಇಲ್ಲ. ಪಾಠ ಮಾಡಿದ್ದು ಅಲ್ಲೇ ಓದುವ ದೊಡ್ಡ ಹುಡುಗರು. ಎರಡು ದಿನ ಯಾವುದೋ ಮಾಲ್, ಯಾವುದೋ ಕೋಟೆ ತೋರಿಸಿದರು. ಕೋಟೆ! ಬಳ್ಳಾರಿ ಹುಡುಗಿಗೆ. ಮನೆ ಮಾಳಿಗೆ ಹತ್ತಿದರೆ ನಮಗೆ ಕೋಟೆಯೇ ಕಾಣುವುದು. ಕೊನೆಗೆ ಒಂದು ಸರ್ಟಿಫಿಕೇಟ್ ಕೊಟ್ಟರು, ದಪ್ಪ ಕಾಗದ, ಬಂಗಾರದ ಬಣ್ಣದ ಅಂಚು. ಊಟ ಚೆನ್ನಾಗಿತ್ತಂತೆ, ಅದನ್ನು ಹೇಳದೆ ಇರಬಾರದು.

ಹಾಗಾದರೆ ಪೂರ್ತಿ ದಂಡವೇ ಆಯಿತಾ? ಅಲ್ಲಿಯೇ ನೋಡಿ ನನಗೂ ಗೊಂದಲ. ಎಂಟನೇ ದಿನವೋ ಒಂಬತ್ತನೇ ದಿನವೋ ಪರಿಸರದ ಕ್ಲಾಸಿನಲ್ಲಿ, ಪಾಠ ಮಾಡುತ್ತಿದ್ದ ಹುಡುಗಿ, ಇಪ್ಪತ್ತೈದರ ಒಳಗಿನವಳೇ ಇರಬೇಕು, ಒಬ್ಬೊಬ್ಬರಿಗೂ ನಿಮ್ಮ ಊರಿನ ಒಂದು ಸಂಗತಿ ಹೇಳಿ ಅಂದಳಂತೆ. ನಮ್ಮವಳು ಹೆದರಿಕೊಂಡು, ಅರ್ಧ ಇಂಗ್ಲಿಷು ಅರ್ಧ ಹಿಂದಿಯಲ್ಲಿ, ನಮ್ಮಲ್ಲಿ ಜೀನ್ಸ್ ತೊಳೆಯುವ ಘಟಕಗಳಿವೆ, ಚರಂಡಿ ನೀರು ಒಮ್ಮೊಮ್ಮೆ ನೀಲಿಯಾಗಿ ಹರಿಯುತ್ತದೆ ಅಂದಳಂತೆ. ಕೆಲವರು ನಕ್ಕರು. ಆ ಹುಡುಗಿ ನಗಲಿಲ್ಲ. 'ಒಂದು ಪ್ಯಾಂಟ್ ತೊಳೆಯಲು ಎಷ್ಟು ಲೀಟರ್ ನೀರು ಬೇಕು?' ಎಂದು ಕೇಳಿದಳು. ನಮ್ಮವಳಿಗೆ ಗೊತ್ತಿರಲಿಲ್ಲ. 'ನನಗೂ ಗೊತ್ತಿಲ್ಲ, ನೀನು ಊರಿಗೆ ಹೋಗಿ ಅಳೆದು ನನಗೆ ಬರೆ' ಅಂದಳಂತೆ.

ನನಗೆ ಗೊತ್ತಿಲ್ಲ ಅಂತ ಒಬ್ಬ ಟೀಚರ್ ಹೇಳಿದ್ದನ್ನು ಮಗಳು ಅದೇ ಮೊದಲು ಕೇಳಿದ್ದು.

ಬಂದವಳು ಸುಮ್ನೆ ಕೂರಲಿಲ್ಲ. ಜೂನ್ ತಿಂಗಳೆಲ್ಲ ನಮಗೆ ಪರಿಚಯದ ವಾಷಿಂಗ್ ಘಟಕದ ಬಾಗಿಲಲ್ಲಿ ನೋಟ್‌ಬುಕ್ ಹಿಡಿದು ನಿಂತಳು. ಎಷ್ಟು ಟ್ಯಾಂಕರ್ ಬಂತು, ಎಷ್ಟು ಪ್ಯಾಂಟ್ ಹೊರಗೆ ಹೋಯಿತು, ಕಲ್ಲು ಹಾಕಿ ತಿರುಗಿಸುವುದು ಎಷ್ಟು ಸಲ, ಬರೀ ನೀರಲ್ಲಿ ತೊಳೆಯುವುದು ಎಷ್ಟು ಸಲ. ಮಾಲೀಕರು ಮೊದಲು ರೇಗಿದರು, ಆಮೇಲೆ ಅವರಿಗೇ ಕುತೂಹಲ ಬಂತು. ಭಾಗಿಸಿ ನೋಡಿದರೆ ಒಂದು ಪ್ಯಾಂಟಿಗೆ 50 ಲೀಟರ್ ದಾಟಿತು. ಆ ಒಂದು ಘಟಕದ, ಆ ಒಂದು ತಿಂಗಳ ಲೆಕ್ಕ ಅಷ್ಟೇ, ಇಡೀ ಊರಿನದಲ್ಲ. ಆದರೂ ಹತ್ತೊಂಬತ್ತು ವರ್ಷದಿಂದ ಜೀನ್ಸ್ ಹೊಲಿಸುತ್ತಿರುವ ನನಗೆ ಈ ಸಂಖ್ಯೆ ಗೊತ್ತಿರಲಿಲ್ಲ. ಕೊಡ ನೀರಿಗೆ ಬೇಸಿಗೆಯಲ್ಲಿ ನಾವು ಪಡುವ ಪಾಡು ನಿಮಗೆ ಗೊತ್ತೇ ಇದೆ.

ಈ ಒಂದು ಪ್ರಶ್ನೆಗೆ 92 ಸಾವಿರ ಕೊಡಬಹುದಿತ್ತಾ? ಕೊಡಬಹುದು ಅಂತ ಒಮ್ಮೊಮ್ಮೆ ಅನಿಸುತ್ತದೆ, ರಾತ್ರಿ ಕಂತಿನ ಚೀಟಿ ನೋಡಿದಾಗ ಅನಿಸುವುದಿಲ್ಲ. ಆದರೆ ಆ ಪ್ರಶ್ನೆ ಕೇಳಲು ಸಾವಿರಾರು ಕಿಲೋಮೀಟರ್ ದೂರದ ಕಟ್ಟಡ ಬೇಕಿರಲಿಲ್ಲ ಎನ್ನುವುದು ಮಾತ್ರ ಹಗಲು ರಾತ್ರಿ ಎರಡೂ ಹೊತ್ತು ಅನಿಸುತ್ತದೆ.

ಆ ಸಭೆಯಲ್ಲಿ ಈ ಸಲ ವಿದೇಶದ್ದೂ ತೋರಿಸಿದರಂತೆ, ಅದಕ್ಕೇ ಹೇಳುತ್ತೇನೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೈಸ್ಕೂಲ್ ಮಕ್ಕಳಿಗೆ ಎರಡು ವಾರದ ಬೇಸಿಗೆ ಶಿಬಿರ ನಿಜವಾಗಿಯೂ ಇದೆ, ಸುಳ್ಳಲ್ಲ. ಫೀಸು 5 ಸಾವಿರ ಡಾಲರ್ ದಾಟುತ್ತದೆ, ಅಂದರೆ 4 ಲಕ್ಷಕ್ಕೂ ಜಾಸ್ತಿ, ನನ್ನ ಲೆಕ್ಕದಲ್ಲಿ 22 ಸಾವಿರಕ್ಕೂ ಜಾಸ್ತಿ ಪ್ಯಾಂಟ್. ವಿಮಾನದ ಟಿಕೆಟ್ ಬೇರೆ, ವೀಸಾ ಬೇರೆ, ಅದರ ಸಂದರ್ಶನಕ್ಕೆ ಹೈದರಾಬಾದಿಗೋ ಚೆನ್ನೈಗೋ ಓಡಾಟ ಬೇರೆ. ಅಲ್ಲಿ ಹೋಗಿ ಬಂದರೆ ಮುಂದೆ ಅಲ್ಲಿಯೇ ಡಿಗ್ರಿಗೆ ಸೀಟು ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅಂಥ ಖಾತ್ರಿ ಯಾವುದೂ ಇಲ್ಲ. ಇನ್ನೊಂದು ವಿಚಿತ್ರ ಕೇಳಿ. ಅದೇ ಹಾರ್ವರ್ಡಿಗೆ ಡಿಗ್ರಿಗೆ ಸೀಟು ಸಿಕ್ಕಿದ ಮಗುವಿಗೆ, ವಿದೇಶದವರೇ ಆಗಿರಲಿ, ಮನೆಯ ಆದಾಯ ನೋಡಿ ಎಷ್ಟು ಕೊರತೆಯೋ ಅಷ್ಟೂ ನೆರವು ಕೊಡುತ್ತಾರೆ. ಬಡವರ ಮಗು ನಾಲ್ಕು ವರ್ಷ ಹೆಚ್ಚು ಕಡಿಮೆ ಖರ್ಚಿಲ್ಲದೆ ಓದಬಹುದು. ಎರಡು ವಾರದ ಬೇಸಿಗೆಗೆ ಮಾತ್ರ ಹೆಚ್ಚಿನವರು ಕೈಯಿಂದಲೇ ಕಟ್ಟಬೇಕು. ಯಾವುದು ವಿದ್ಯೆ, ಯಾವುದು ವ್ಯಾಪಾರ ಅನ್ನುವುದು ಅಲ್ಲಿಯೇ ಗೊತ್ತಾಗುವುದಿಲ್ವಾ?

ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ವಿಷಯ ಇನ್ನೂ ಮಜಾ. ರಜೆಯಲ್ಲಿ ಅಲ್ಲಿನ ಕಾಲೇಜುಗಳ ಕೋಣೆಗಳು ಖಾಲಿ ಇರುತ್ತವೆ. ಖಾಸಗಿ ಕಂಪನಿಗಳು ಅವನ್ನು ಬಾಡಿಗೆಗೆ ಹಿಡಿದು ಶಿಬಿರ ಮಾಡುತ್ತವೆ. ಫೋಟೋದಲ್ಲಿ ಗೋಪುರ ಆಕ್ಸ್‌ಫರ್ಡಿನದು, ರಸೀದಿ ಕಂಪನಿಯದು. ನಮ್ಮಲ್ಲಿ ಕಲ್ಯಾಣ ಮಂಟಪ ಬಾಡಿಗೆಗೆ ಹಿಡಿದ ಹಾಗೆ. ಮಂಟಪದವರು ಹೆಣ್ಣು ಕೊಟ್ಟರು ಅಂತ ಯಾರೂ ಹೇಳುವುದಿಲ್ಲ. ಅದೇ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ತಾನೇ ನಿಂತು, ತನ್ನ ದೇಶದ ಸರ್ಕಾರಿ ಶಾಲೆ ಮಕ್ಕಳಿಗೆ ಯುನಿಕ್ ಎಂಬ ಶಿಬಿರವನ್ನು ಪೂರ್ತಿ ಉಚಿತವಾಗಿ ನಡೆಸುತ್ತದೆ. ಬೇಕಾದ ಮಕ್ಕಳನ್ನು ಅವರೇ ಖರ್ಚು ಹಾಕಿ ಕರೆಸಿಕೊಳ್ಳುತ್ತಾರೆ ಅಂತ ಆಯಿತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ನಡೆಯುವ ಆರ್‌ಎಸ್‌ಐ ಎಂಬ ವಿಜ್ಞಾನ ಸಂಶೋಧನೆಯ ಶಿಬಿರ ಕೂಡ ಹಾಗೆಯೇ, ಆರು ವಾರ, ಫೀಸಿಲ್ಲ, ಆದರೆ ಒಳಗೆ ಹೋಗುವುದು ಸೂಜಿಕಣ್ಣಲ್ಲಿ ಹಗ್ಗ ಪೋಣಿಸಿದಷ್ಟು ಕಷ್ಟ.

ಸರ್ಟಿಫಿಕೇಟ್ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದೂ ಹೋದ ವರ್ಷದ ಸಭೆಯಲ್ಲಿ ಯಾರೂ ಬಿಡಿಸಿ ಹೇಳಿರಲಿಲ್ಲ. 'ಪ್ರೊಫೈಲ್ ಬಿಲ್ಡಿಂಗ್' ಅಂದರು, ನಾವು ತಲೆ ಆಡಿಸಿದೆವು. ಎಂಜಿನಿಯರಿಂಗಿಗೆ ಸಿಇಟಿ ರ‍್ಯಾಂಕ್, ಅದರಲ್ಲಿ ಅರ್ಧ ಪಿಯುಸಿ ಅಂಕ, ಅರ್ಧ ಸಿಇಟಿ ಅಂಕ. ಮೆಡಿಕಲ್‌ಗೆ ನೀಟ್, ಐಐಟಿಗೆ ಜೆಇಇ. ಇವುಗಳಲ್ಲಿ ಎಲ್ಲಿಯೂ ಬೇಸಿಗೆ ಶಾಲೆಗೆ ಅರ್ಧ ಅಂಕವೂ ಇಲ್ಲ. ಪ್ರಬಂಧ, ಸಂದರ್ಶನ ನೋಡಿ ಸೀಟು ಕೊಡುವ ಕೆಲವು ಖಾಸಗಿ ವಿಶ್ವವಿದ್ಯಾಲಯ ಮತ್ತು ವಿದೇಶದವರ ಹತ್ತಿರ ಹೇಳಿಕೊಳ್ಳಬಹುದು. ಅಲ್ಲೂ ಹೇಳಿಕೊಳ್ಳಲು ಮಗಳ ಹತ್ತಿರ ಇರುವ ಗಟ್ಟಿ ಸಂಗತಿ ಆ ನೀರಿನ ಲೆಕ್ಕ, ಬಂಗಾರದ ಅಂಚಲ್ಲ.

ದುಡ್ಡಿದ್ದವರು ಕಳಿಸಲಿ, ನನ್ನದೇನೂ ತಕರಾರಿಲ್ಲ. ಮನೆ ಬಿಟ್ಟು ಎರಡು ವಾರ ಇರುವುದು, ತನ್ನ ಬಟ್ಟೆ ತಾನು ಒಗೆಯುವುದು, ಬೇರೆ ಭಾಷೆಯ ರೂಮ್‌ಮೇಟ್ ಜೊತೆ ಜಗಳವಾಡಿ ರಾಜಿಯಾಗುವುದು, ಇವಕ್ಕೂ ಬೆಲೆ ಇದೆ. ಆದರೆ ಸಾಲ ಮಾಡಿ, ಚೀಟಿ ಎತ್ತಿ, ಬಂಗಾರ ಇಟ್ಟು ಕಳಿಸಬೇಡಿ. ಕಟ್ಟುವ ಮೊದಲು ಮೂರು ಮಾತು ಬಾಯಿ ಬಿಟ್ಟು ಕೇಳಿ. ದಿನಾ ಪಾಠ ಮಾಡುವವರು ಯಾರು, ಹೋದ ವರ್ಷ ಎಷ್ಟು ಜನರನ್ನು ಬೇಡ ಅಂದಿರಿ, ಮಗುವಿಗೆ ಹುಷಾರಿಲ್ಲದೆ ಹೋದರೆ ದುಡ್ಡು ವಾಪಸ್ ಕೊಡುತ್ತೀರಾ. ನಾನು ಒಂದನ್ನೂ ಕೇಳಿರಲಿಲ್ಲ.

ಮಗ ಈಗ ಒಂಬತ್ತನೇ ತರಗತಿ. ಅವನ ಅಕ್ಕನೇ ಹುಡುಕಿ ಹೇಳಿದ್ದು, ಇಸ್ರೊದವರು 2019ರಿಂದ ಯುವಿಕಾ ಅಂತ ಒಂದು ಶಿಬಿರ ಮಾಡುತ್ತಾರೆ, ಒಂಬತ್ತನೇ ತರಗತಿ ಮಕ್ಕಳಿಗೆ, ಸುಮಾರು ಎರಡು ವಾರ, ಇಸ್ರೊ ಕೇಂದ್ರದಲ್ಲೇ. ಊಟ, ವಸತಿ, ಹೋಗಿ ಬರುವ ರೈಲು ಖರ್ಚು ಎಲ್ಲ ಅವರದೇ. ಎಂಟನೇ ತರಗತಿ ಅಂಕ, ಆನ್‌ಲೈನ್ ಕ್ವಿಜ್ ನೋಡುತ್ತಾರೆ, ಹಳ್ಳಿ ಶಾಲೆ ಮಕ್ಕಳಿಗೆ ಹೆಚ್ಚಿನ ಅಂಕ ಬೇರೆ ಇದೆ. ಸಿರುಗುಪ್ಪ, ಸಂಡೂರು, ಕುರುಗೋಡು ಕಡೆಯ ಶಾಲೆ ಮೇಷ್ಟ್ರುಗಳು ದಯವಿಟ್ಟು ಈ ಸಾಲನ್ನು ಮಕ್ಕಳಿಗೆ ಓದಿ ಹೇಳಿ. ಸಿಕ್ಕರೆ ಸಿಕ್ಕಿತು, ಸಿಗದಿದ್ದರೆ ಒಂದು ಪ್ಯಾಂಟಿನ ದುಡ್ಡೂ ಹೋಗುವುದಿಲ್ಲ.

ಆದರೆ ಇಸ್ರೊ ಎಷ್ಟು ಜನರನ್ನು ಕರೆಯಲು ಸಾಧ್ಯ? ಇಲ್ಲಿ ನಮ್ಮ ಸುತ್ತ ಏನು ಕಡಿಮೆ ಇದೆ ಸಂಪಾದಕರೆ? ಬಳ್ಳಾರಿಯಲ್ಲಿ ಶ್ರೀಕೃಷ್ಣದೇವರಾಯರ ಹೆಸರಿನ ವಿಶ್ವವಿದ್ಯಾಲಯ ಇದೆ, ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ, ಟ್ರಿಪಲ್ ಐಟಿ ಇವೆ, ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ, ಈಗ ಕೊಪ್ಪಳಕ್ಕೂ ಒಂದು ಬಂದಿದೆ. ರಜೆಯಲ್ಲಿ ನಮ್ಮವರ ಹಾಸ್ಟೆಲ್ ಕೋಣೆಗಳೂ ಖಾಲಿಯೇ ತಾನೆ. ಒಂದು ವಾರ, ಐವತ್ತು ಮಕ್ಕಳು, ಮೆಸ್ಸಿನ ಊಟ, ಅಷ್ಟು ಸಾಕು. ಪಾಠಕ್ಕೆ ವಿಷಯ ಹುಡುಕಬೇಕಾ? 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋಯಿತಲ್ಲ, ಹರಿಯುವ ನೀರಲ್ಲೇ ಅಲ್ಲಿಗೆ ತಡೆ ಕೂರಿಸಿದ್ದು ಹೇಗೆ ಅಂತ ಡ್ಯಾಮಿನ ಮೇಲೆ ನಿಲ್ಲಿಸಿ ಒಬ್ಬ ಎಂಜಿನಿಯರ್ ಹೇಳಿದರೆ ನಾನೇ ಮಷಿನ್ ನಿಲ್ಲಿಸಿ ಬರುತ್ತೇನೆ. ಸಂಗನಕಲ್ಲು ಗುಡ್ಡದಲ್ಲಿ ಸಾವಿರಾರು ವರ್ಷದ ಹಿಂದಿನವರು ಕಲ್ಲಿನ ಕೊಡಲಿ ಮಾಡಿದ ಜಾಗ ಇದೆ, ಊರಿಂದ ಆಟೋದಲ್ಲಿ ಹೋಗಿ ಬರಬಹುದು. ಮಸ್ಕಿಯಲ್ಲಿ ಅಶೋಕನ ಹೆಸರು ಕೊರೆದ ಬಂಡೆ ಇದೆ, 1915ರಲ್ಲಿ ಅದು ಕಣ್ಣಿಗೆ ಬಿದ್ದ ಮೇಲೆಯೇ ಶಾಸನಗಳಲ್ಲಿ ದೇವಾನಾಂಪ್ರಿಯ ಎಂದು ಕರೆದಿರುವ ರಾಜ ಅಶೋಕನೇ ಎಂಬುದು ಗಟ್ಟಿಯಾದದ್ದು. ಗಂಗಾವತಿ, ಸಿಂಧನೂರು ಕಡೆ ಜಾಸ್ತಿ ನೀರು ನಿಲ್ಲಿಸಿ ನಿಲ್ಲಿಸಿ ಗದ್ದೆ ಸವಳಾಗಿದೆ, ರೈತರ ಮಕ್ಕಳಿಗೆ ಅದಕ್ಕಿಂತ ಹತ್ತಿರದ ಪಾಠ ಯಾವುದು? ಮೇ ತಿಂಗಳ ಬಿಸಿಲು ತಡೆಯಲಾಗದು ಎನ್ನುವುದಾದರೆ ದಸರಾ ರಜೆಯಲ್ಲಿ ಮಾಡಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ, ಗಣಿ ಕಂಪನಿಗಳಿವೆ. ಐವತ್ತು ಮಕ್ಕಳ ಒಂದು ವಾರದ ಅನ್ನಕ್ಕೆ ಯಾರೂ ಬಡವಾಗುವುದಿಲ್ಲ.

ಡಿಸೆಂಬರ್‌ನಲ್ಲಿ ಮಗಳು ಆ ವಾಷಿಂಗ್ ಘಟಕದ ಹೊರಗಿನ ಚರಂಡಿಯಿಂದ ಒಂದು ಬಾಟಲಿ ನೀರು ತುಂಬಿಕೊಂಡು, ಇದರಲ್ಲಿ ಏನೇನಿದೆ ನೋಡಿಕೊಡಿ ಅಂತ ಜಿಲ್ಲೆಯ ಒಂದು ಕಾಲೇಜಿನ ಲ್ಯಾಬಿಗೆ ಹೋಗಿದ್ದಳು. ನೀನು ಇಲ್ಲಿನ ವಿದ್ಯಾರ್ಥಿನಿ ಅಲ್ಲ, ಲೆಟರ್ ತಾ ಅಂದರು. ಲೆಟರ್ ತಂದಳು. ಸರ್ ರಜೆ ಅಂದರು. ಮತ್ತೆ ಹೋದಳು, ಮೇಡಂ ಮೀಟಿಂಗ್ ಅಂದರು. ಈಗ ಅವಳಿಗೆ ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರ ಬಂತು, ಓಡಾಡಲು ಪುರುಸೊತ್ತಿಲ್ಲ. ನೀರು ಹಳೆಯದಾಯಿತು, ಹೊಸದು ಬೇಕಾಗುತ್ತದೆ ಅಂತ ಅವಳೇ ಹೇಳುತ್ತಾಳೆ, ಆದರೂ ಎಸೆಯಲು ಬಿಡುತ್ತಿಲ್ಲ. ಬಾಟಲಿ ನಮ್ಮ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆ ಪಕ್ಕದಲ್ಲೇ ಇದೆ, ಮೇಲೆ 'ಕುಡಿಯಬೇಡಿ' ಅಂತ ಚೀಟಿ ಅಂಟಿಸಿದ್ದಾಳೆ. ಯಾರಾದರೂ ಲ್ಯಾಬಿನ ಬಾಗಿಲು ತೆಗೆಯುವುದಾದರೆ ನಿಮ್ಮ ಪತ್ರಿಕೆಗೆ ತಿಳಿಸಲಿ, ಪರೀಕ್ಷೆ ಮುಗಿದ ಮಾರನೇ ದಿನವೇ ಹೊಸ ನೀರು ತುಂಬಿಸಿ ಕಳಿಸುತ್ತೇನೆ.

ಇಂತಿ,
ಜೀನ್ಸ್ ಹೊಲಿಸುವ ಒಬ್ಬ ತಾಯಿ,
ಕೌಲ್ ಬಜಾರ್, ಬಳ್ಳಾರಿ