ಬೀರು ಸರಿದರೂ ಪುಸ್ತಕ ಸಿಗಬೇಕು: ನಮ್ಮ ಪಂಚಾಯ್ತಿ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ನಮಸ್ಕಾರ. ಈ ವರ್ಷ ಗ್ರಂಥಾಲಯಕ್ಕೆ ಇನ್ನಷ್ಟು ಹೊಸ ಪುಸ್ತಕ ತರಿಸುತ್ತೇವೆ ಅಂತ ಕಳೆದ ಗ್ರಾಮಸಭೆಯಲ್ಲಿ ನೀವು ಹೇಳಿದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮನೆಗೆ ಬಂದ ಮೇಲೆ ಯೋಚನೆ ಶುರುವಾಯಿತು. ಇರುವ ಪುಸ್ತಕವೇ ಕೈಗೆ ಸಿಗುತ್ತಿಲ್ಲ, ಹೊಸದನ್ನು ತಂದು ಎಲ್ಲಿಡುತ್ತೀರಿ? ಎದ್ದು ನಿಂತು ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೆದುರು ಬರೆದೆ ಅಂತ ಬೇಸರ ಮಾಡಿಕೊಳ್ಳಬೇಡಿ. ಪಕ್ಕದ ಪಂಚಾಯ್ತಿಯವರದ್ದೂ ಇದೇ ಪಾಡಿರಬಹುದು, ಅವರೂ ಓದಲಿ.

ಎರಡು ವರ್ಷದ ಹಿಂದಿನ ಮಾತು. ಮೇ ತಿಂಗಳು. ಕೊಡಗಿನ ನಮ್ಮ ಕಾಫಿ ತೋಟದ ಕೆಳಗಿನ ಮೂಲೆಯಲ್ಲಿ ಹಿಂದಿನ ಮಳೆಗಾಲದಲ್ಲೇ ಕರಿಮೆಣಸಿನ ಬಳ್ಳಿಗೆ ಸೊರಗು ರೋಗ ಕಾಣಿಸಿಕೊಂಡಿತ್ತು. ಈ ಸಲ ಮಳೆ ಹಿಡಿಯುವ ಮೊದಲೇ ಬೋರ್ಡೋ ದ್ರಾವಣ ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ, ಅಷ್ಟು ನನಗೂ ಗೊತ್ತು. ಬುಡಕ್ಕೆ ಏನು ಮಾಡಬೇಕು, ಸತ್ತ ಬಳ್ಳಿಯನ್ನು ಹೇಗೆ ತೆಗೆಯಬೇಕು ಅಂತ ನೋಡಬೇಕಿತ್ತು. ಅದನ್ನು ಚೆನ್ನಾಗಿ ಬರೆದಿದ್ದ ಒಂದು ಪುಸ್ತಕ ನಮ್ಮ ಗ್ರಂಥಾಲಯದಲ್ಲೇ ಇತ್ತು. ಹಿಂದೊಮ್ಮೆ ತಂದು ಓದಿದ್ದೆ.

ಹೋದೆ. ರಿಜಿಸ್ಟರಿನಲ್ಲಿ ಹುಡುಕಿದರೆ ಹೆಸರಿದೆ, ಎದುರಿಗೆ 3-2-14 ಅಂತ ಬರೆದಿದೆ. ಮೂರನೇ ಬೀರು, ಎರಡನೇ ಖಾನೆ, ಹದಿನಾಲ್ಕನೇ ಪುಸ್ತಕ ಅಂತ ಅರ್ಥ. ಮೂರನೇ ಬೀರುವಿನ ಎರಡನೇ ಖಾನೆ ತೆಗೆದರೆ ಬರೀ ಪರೀಕ್ಷೆಯ ಗೈಡು, ಭಜನೆ ಪುಸ್ತಕ. ಕಾರಣ ನಿಮಗೂ ಗೊತ್ತು. ಹಿಂದಿನ ಕಕ್ಕಡ ಮಾಸದ ಜೋರು ಮಳೆಯಲ್ಲಿ ಪಶ್ಚಿಮದ ಗೋಡೆ ಸೋರಿತ್ತು. ಬೀರುಗಳನ್ನು ನಡುಮನೆಗೆ ಎಳೆದರು. ಒದ್ದೆಯಾದ ಪುಸ್ತಕ ಬೆಂಚಿನ ಮೇಲೆ ಹರಡಿದರು. ಬಿಸಿಲು ಬಂದ ಮೇಲೆ ಕೈಗೆ ಸಿಕ್ಕ ಹಾಗೆ ತುಂಬಿದರು. ಗ್ರಂಥಾಲಯದ ಮೇಲ್ವಿಚಾರಕಿಯನ್ನು ನಾನು ದೂರುವುದಿಲ್ಲ. ಕೊಡೆ ಹಿಡಿದು ಒಬ್ಬರೇ ಅಷ್ಟೂ ಪುಸ್ತಕ ಉಳಿಸಿದ್ದಾರೆ, ಅದೇ ದೊಡ್ಡದು.

ನನ್ನ ಪುಸ್ತಕ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಅಡುಗೆ ಪುಸ್ತಕಗಳ ನಡುವೆ ಕೂತಿತ್ತು. ಹೆಸರಿನಲ್ಲಿ ಮೆಣಸು ಇತ್ತಲ್ಲ! ಅಷ್ಟರಲ್ಲಿ ಹದಿನೇಳು ಬಳ್ಳಿ ಹೋಗಿದ್ದವು. ಪುಸ್ತಕ ಸಿಕ್ಕಿದ್ದರೆ ಹದಿನೇಳೂ ಉಳಿಯುತ್ತಿದ್ದವು ಅಂತ ನಾನು ಹೇಳುತ್ತಿಲ್ಲ.

ಈ ಕಥೆಯನ್ನು ನನ್ನ ಸೋದರ ಸೊಸೆಗೆ, ಅಂದರೆ ತಂಗಿಯ ಮಗಳಿಗೆ, ಹೇಳಿದೆ. ಅವಳು ಮೈಸೂರಿನಲ್ಲಿ ಗ್ರಂಥಾಲಯ ವಿಜ್ಞಾನ ಓದುತ್ತಿದ್ದಾಳೆ. ಕೇಳಿ ನಕ್ಕಳು. "ಮಾವ, ಅದು ಬೀರುವಿನ ನಂಬರು, ಪುಸ್ತಕದ ನಂಬರಲ್ಲ" ಅಂದಳು. ಆ ಒಂದು ಮಾತಿನಲ್ಲಿ ನಮ್ಮ ರೋಗ ಹಿಡಿದುಕೊಟ್ಟಳು.

ಹಿಂದೆ ದೊಡ್ಡ ದೊಡ್ಡ ಗ್ರಂಥಾಲಯಗಳಲ್ಲೂ ಇದೇ ಪದ್ಧತಿ ಇತ್ತಂತೆ. ಪುಸ್ತಕಕ್ಕೆ ಒಂದು ಜಾಗ ಕೊಟ್ಟರೆ ಅದು ಆ ಜಾಗಕ್ಕೇ ಕಟ್ಟುಬಿದ್ದ ಹಾಗೆ. ಖಾನೆ ತುಂಬಿದರೆ ನಂಬರೆಲ್ಲ ಅಳಿಸಿ ಮತ್ತೆ ಬರೆಯಬೇಕು. ಅಮೆರಿಕದ ಆಮ್ಹರ್ಸ್ಟ್ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದ ಮೆಲ್ವಿಲ್ ಡ್ಯೂಯಿ 1876ರಲ್ಲಿ 44 ಪುಟದ ಒಂದು ಕಿರುಪುಸ್ತಕ ಅಚ್ಚು ಹಾಕಿಸಿದ. ಆಗ ಅವನಿಗೆ ಇಪ್ಪತ್ತೈದೂ ತುಂಬಿರಲಿಲ್ಲವೇನೋ. ನಂಬರನ್ನು ಬೀರುವಿಗೆ ಕೊಡಬೇಡಿ, ಪುಸ್ತಕದೊಳಗಿನ ವಿಷಯಕ್ಕೆ ಕೊಡಿ ಅನ್ನುವುದು ಅವನ ಲೆಕ್ಕ. ಆಮೇಲೆ ಬೀರು ಎಲ್ಲಿಗೆ ಬೇಕಾದರೂ ಸರಿಯಲಿ. ನಂಬರಿನ ಸಾಲು ನೋಡಿಕೊಂಡು ಜೋಡಿಸಿದರೆ ಪ್ರತಿ ಪುಸ್ತಕವೂ ತನ್ನ ನೆರೆಹೊರೆಯ ನಡುವೆಯೇ ಬಂದು ಕೂರುತ್ತದೆ. ವರ್ಷಕ್ಕೊಮ್ಮೆ ಬೀರು ಎಳೆದಾಡುವ ನಮ್ಮಂಥ ಊರಿಗೆ ಇದಕ್ಕಿಂತ ಬೇಕಾದ್ದು ಯಾವುದಿದೆ ಹೇಳಿ. 2018ರ ಆಗಸ್ಟಿನಂಥ ಮಳೆ ಮತ್ತೊಮ್ಮೆ ಬಂದರೆ ಪುಸ್ತಕವನ್ನು ಗೋಣಿಯಲ್ಲಿ ತುಂಬಿ ಎತ್ತರದ ಜಾಗಕ್ಕೆ ಸಾಗಿಸಬೇಕಾಗುತ್ತದೆ. ಬೆನ್ನಿನ ಮೇಲೆ ವಿಷಯದ ನಂಬರಿದ್ದರೆ ವಾಪಸು ತಂದ ಮೇಲೆ ಎರಡು ದಿನದಲ್ಲಿ ಜೋಡಿಸಬಹುದು.

ಆ ನಂಬರು ಕಷ್ಟವೇನೂ ಅಲ್ಲ. ಲೋಕದ ತಿಳಿವಳಿಕೆಯನ್ನೆಲ್ಲ 0ಯಿಂದ 9ರ ತನಕ ಹತ್ತು ಪಾಲು ಮಾಡಿದ್ದಾರೆ. 300 ಸಮಾಜ, 500 ವಿಜ್ಞಾನ, 800 ಸಾಹಿತ್ಯ, 900 ಚರಿತ್ರೆ, ಹೀಗೆ. 600 ಅಂದರೆ ಕಸುಬು, ತಂತ್ರಜ್ಞಾನ. ಅದರೊಳಗೆ 630 ಬೇಸಾಯ. ಅದರೊಳಗೆ 633 ಹೊಲ, ತೋಟದ ಬೆಳೆಗಳು. ಇನ್ನೂ ಒಳಗೆ ಹೋದರೆ 633.72 ಟೀ, 633.73 ಕಾಫಿ, 633.74 ಕೋಕೋ. ಸರ್ವೆ ನಂಬರಿಗೆ ಹಿಸ್ಸಾ ಬೀಳುವುದಿಲ್ಲವೇ, ಹಾಗೆಯೇ. ಹಿಸ್ಸಾ ಎಷ್ಟಾದರೂ ಮೂಲ ನಂಬರು ಅದೇ ಇರುತ್ತದೆ. ಕಿತ್ತಳೆ 634ರಲ್ಲಿ, ಜೇನು 638ರಲ್ಲಿ. ನಮ್ಮವರ ಹಾಕಿ 796ರಲ್ಲಿ.

ಜನ ಎಡವುವುದು ಚುಕ್ಕಿಯ ಬಳಿ. 633.73 ಮೊದಲೋ 633.8 ಮೊದಲೋ? ನಾನು 633.8 ಅಂದೆ. ಎಂಟಕ್ಕಿಂತ ಎಪ್ಪತ್ತಮೂರು ದೊಡ್ಡದಲ್ಲವಾ! ಸೊಸೆ ತಲೆ ಚಚ್ಚಿಕೊಂಡಳು. ಕೊನೆಗೆ ಪೈಸೆ ಲೆಕ್ಕ ಹೇಳಿದಳು. 633 ರೂಪಾಯಿ 73 ಪೈಸೆ, 633 ರೂಪಾಯಿ 80 ಪೈಸೆ. ಈಗ ಹೇಳಿ ಯಾವುದು ಚಿಕ್ಕದು? ಆಮೇಲೆ ನನಗೆ ಒಂದು ಸಲವೂ ತಪ್ಪಲಿಲ್ಲ. ಖಾನೆಯಲ್ಲಿ ಎಡದಿಂದ ಬಲಕ್ಕೆ ಓದಬೇಕು, ಮುಗಿದರೆ ಕೆಳಗಿನ ಖಾನೆಗೆ ಇಳಿಯಬೇಕು. ಒಂದು ಬೀರುವಿನ ಖಾನೆಗಳೆಲ್ಲ ಮುಗಿದ ಮೇಲೆಯೇ ಪಕ್ಕದ ಬೀರು. ಒಂದೇ ನಂಬರಿನ ನಾಲ್ಕು ಪುಸ್ತಕ ಇದ್ದರೆ ಕೆಳಗಿನ ಸಾಲಿನಲ್ಲಿ ಬರೆದವರ ಹೆಸರಿನ ಮೊದಲ ಅಕ್ಷರ ನೋಡಬೇಕು. ಇಷ್ಟೇ.

ಒಂದು ಸಣ್ಣ ಮೋಸ ಮಾತ್ರ ಇದೆ. ಕಾಫಿಯ ಪುಸ್ತಕಗಳೆಲ್ಲ ಒಂದೇ ಕಡೆ ಸಿಗುತ್ತವೆ ಅಂತ ಅಂದುಕೊಳ್ಳಬಾರದು. ಕಾಫಿ ಬೆಳೆಯುವುದು 633ರಲ್ಲಿ. ಕಾಫಿಯ ಬೆಲೆ 338ರಲ್ಲಿ. ಕಾಫಿ ಕುದಿಸುವುದು 641ರಲ್ಲಿ, ಅಡುಗೆಯ ಜೊತೆ. ವಸ್ತು ಒಂದೇ ಆದರೂ ಅದನ್ನು ಯಾವ ಕಡೆಯಿಂದ ನೋಡಿದ್ದಾರೆ ಅನ್ನುವುದರ ಮೇಲೆ ಜಾಗ ಬದಲಾಗುತ್ತದೆ. ಅದಕ್ಕೇ ಗೋಡೆಯ ಮೇಲೊಂದು ವಿಷಯಸೂಚಿ ಬೇಕು. ಕಾಫಿ ಅನ್ನುವ ಪದದ ಎದುರು ಮೂರೂ ನಂಬರು ಬರೆದಿರಬೇಕು. ನನ್ನ ಮೆಣಸಿನ ಪುಸ್ತಕ ಅಡುಗೆಯವರ ನಡುವೆ ಹೋಗಿ ಕೂತದ್ದು ಇಂಥದ್ದೊಂದು ಪಟ್ಟಿ ಇಲ್ಲದ್ದಕ್ಕೆ.

ಡ್ಯೂಯಿಯ ಪದ್ಧತಿಯನ್ನು ಕಣ್ಣುಮುಚ್ಚಿ ಒಪ್ಪಬೇಕು ಅಂತ ನಾನು ಹೇಳುವುದಿಲ್ಲ. ಅವನು ಕೂತದ್ದು ಅವನ ಊರಿನಲ್ಲಿ. ಧರ್ಮದ 200ರಲ್ಲಿ ದೊಡ್ಡ ಪಾಲು ಕ್ರೈಸ್ತ ಧರ್ಮಕ್ಕೆ. ಹಿಂದೂ ಧರ್ಮ 294.5ರಲ್ಲಿ, ಇಸ್ಲಾಂ 297ರಲ್ಲಿ ಮುದುಡಿ ಕೂತಿವೆ. ಇಂಗ್ಲಿಷ್ ಸಾಹಿತ್ಯಕ್ಕೆ ಸಲೀಸಾಗಿ 820. ಕನ್ನಡ ಸಾಹಿತ್ಯಕ್ಕೆ 894.814! ನಮ್ಮ ಗ್ರಂಥಾಲಯದಲ್ಲಿ ಕಥೆ, ಕಾದಂಬರಿಯೇ ಜಾಸ್ತಿ. ಪ್ರತಿಯೊಂದರ ಬೆನ್ನಿಗೂ ಇಷ್ಟುದ್ದ ಬರೆದು ಏನು ಸಾಧಿಸುತ್ತೇವೆ? ಕಾದಂಬರಿಗೆ 'ಕಾ' ಅಂತ ಬರೆದು ಕೆಳಗೆ ಲೇಖಕರ ಅಕ್ಷರ ಹಾಕಿದರೆ ಸಾಕು. ಉಳಿದವಕ್ಕೂ ನಮ್ಮ ಅಳತೆಗೆ ಮೂರು ಅಂಕಿ ಧಾರಾಳ. ಕಾಫಿ, ಮೆಣಸಿಗೆ ಮಾತ್ರ ಚುಕ್ಕಿ ದಾಟೋಣ. ಕೊಡಗಿನಲ್ಲಿ ಅದಕ್ಕೇ ಓದುಗರು ಜಾಸ್ತಿ.

ನಮ್ಮವರೇ ಆದ ಎಸ್. ಆರ್. ರಂಗನಾಥನ್ ಬೇರೆ ದಾರಿ ಹಿಡಿದರು. ಮದ್ರಾಸಿನಲ್ಲಿ ಗಣಿತದ ಮೇಷ್ಟರಾಗಿದ್ದವರು 1924ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ವಿಷಯದ ತುಂಡುಗಳನ್ನು ಬೇಕಾದ ಹಾಗೆ ಜೋಡಿಸುವ ಕೋಲನ್ ವರ್ಗೀಕರಣವನ್ನು 1933ರಲ್ಲಿ ಹೊರತಂದರು. ಕೊನೆಗಾಲ ಕಳೆದದ್ದು ಬೆಂಗಳೂರಿನಲ್ಲಿ. ಅದು ಜಾಣ ಪದ್ಧತಿ, ಆದರೆ ಸಣ್ಣ ಗ್ರಂಥಾಲಯಕ್ಕೆ ಸಿದ್ಧ ನಂಬರೇ ಸುಲಭ ಅಂತ ಸೊಸೆಯ ಮಾತು. ಅವರು 1931ರಲ್ಲಿ ಹೇಳಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸಿ ಅನ್ನುವುದು. ಮೇ ತಿಂಗಳಿಂದ ಸೆಪ್ಟೆಂಬರಿನ ತನಕ ಕಾದ ನನಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ನಮ್ಮಲ್ಲೇ ತೀರ್ಮಾನ ಆಗಬೇಕಾದ್ದು ಹೆಸರಿನ ವಿಷಯ. ಇದನ್ನು ಡ್ಯೂಯಿಯೂ ಬಗೆಹರಿಸಲಾರ. ಇಲ್ಲಿ ಮನೆಹೆಸರು ಮೊದಲು ಬರುತ್ತದೆ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ತಂದ ಕೊಡವ ಜನಪದ ಹಾಡುಗಳ ಸಂಗ್ರಹ 'ಪಟ್ಟೋಲೆ ಪಳಮೆ'ಯನ್ನು 'ನ'ದಲ್ಲಿ ಇಡಬೇಕೋ 'ಚ'ದಲ್ಲೋ? ಕೊಡಗಿನ ಗೌರಮ್ಮನವರ ಕಥೆಗಳು 'ಕೊ'ದಲ್ಲೋ 'ಗೌ'ದಲ್ಲೋ? ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮನೆಹೆಸರೂ 'ಕೊ', ಜನರಲ್ ತಿಮ್ಮಯ್ಯನವರದ್ದೂ 'ಕೊ'. ಜೀವನಚರಿತ್ರೆಯಲ್ಲಿ ಬರೆದವರ ಹೆಸರು ನೋಡಬೇಕೋ, ಯಾರ ಬಗ್ಗೆ ಬರೆದಿದೆ ಅಂತ ನೋಡಬೇಕೋ? ನನ್ನ ಮಟ್ಟಿಗೆ ಲೇಖಕರದ್ದಾದರೆ ಮನೆಹೆಸರು, ಜೀವನಚರಿತ್ರೆಯಾದರೆ ಕಥಾನಾಯಕನ ಹೆಸರು, ಗೌರಮ್ಮನವರಿಗೆ 'ಗೌ'. 'ಕೊಡಗಿನ' ಅನ್ನುವುದು ಅವರ ಮನೆಹೆಸರಲ್ಲವಲ್ಲ. ನಿಮಗೆ ಬೇರೆ ಅನಿಸಿದರೆ ಬೇರೆಯೇ ಇರಲಿ. ಯಾವುದೋ ಒಂದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮೇಲ್ವಿಚಾರಕರು ಬದಲಾದರೂ ಪದ್ಧತಿ ಬದಲಾಗಬಾರದು.

ಆ 'ಪಟ್ಟೋಲೆ ಪಳಮೆ'ಯ ನಂಬರೂ ಅಷ್ಟೇ ತಂಟೆಯದ್ದು. ಜನಪದ ಅಂದರೆ 398, ಕೊಡಗಿನ ಚರಿತ್ರೆ ಅಂದರೆ 954.87, ಹಾಡು ಅಂದರೆ ಸಂಗೀತದ 780. ನಾನಾದರೆ ಕೊಡವ, ಅರೆಭಾಷೆ, ಕೊಡಗಿನ ಚರಿತ್ರೆ ಎಲ್ಲ ಸೇರಿಸಿ ಬಾಗಿಲ ಹತ್ತಿರ ಪ್ರತ್ಯೇಕ ಬೀರು ಇಡುತ್ತೇನೆ. ನಂಬರಿನ ಮುಂದೆ ಒಂದು 'ಕೊ' ಬರೆದರಾಯಿತು. ಹೊರಗಿನಿಂದ ಬಂದವರು ಮೊದಲು ಕೇಳುವುದೂ ಅದನ್ನೇ.

ಈಗ ನಿಮ್ಮಿಂದ ಬೇಕಾದ್ದು. 2019ರಿಂದ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದಿವೆ. ಅರಿವು ಕೇಂದ್ರ ಅಂತ ಬೋರ್ಡೂ ಹಾಕಿದ್ದೀರಿ, ಗೋಡೆಗೆ ಚಂದದ ಚಿತ್ರ ಬರೆಸಿದ್ದೀರಿ, ಸಂತೋಷ. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಶೇಕಡಾ 6 ಗ್ರಂಥಾಲಯ ಕರವೂ ಸೇರಿರುತ್ತದೆ. ಈ ವರ್ಷ ಹೊಸ ಪುಸ್ತಕ ಕಡಿಮೆ ತರಿಸಿ. ಆ ದುಡ್ಡಿನಲ್ಲಿ ಚೀಟಿ, ಅಂಟುವ ಪಾರದರ್ಶಕ ಟೇಪು, ಖಾನೆಗಳಿಗೆ ಕನ್ನಡದ ಫಲಕ ತರಿಸಿ. ಟೇಪು ಇಲ್ಲದೆ ಬರೀ ಗೋಂದು ಹಚ್ಚಿದರೆ ನಮ್ಮ ತೇವಕ್ಕೆ ಜುಲೈ ಮುಗಿಯುವುದರೊಳಗೆ ಚೀಟಿ ಕಿತ್ತು ಬರುತ್ತದೆ. ಮೇಲ್ವಿಚಾರಕಿಗೆ ನಾಲ್ಕು ದಿನದ ತರಬೇತಿ ಕೊಡಿಸಿ. ಬೇಸಿಗೆ ರಜೆಯಲ್ಲಿ ಕಾಲೇಜಿನ ಮಕ್ಕಳನ್ನು ಸೇರಿಸಿಕೊಳ್ಳೋಣ. ನಾನೂ ಬರುತ್ತೇನೆ, ಸೊಸೆಯನ್ನೂ ಕರೆತರುತ್ತೇನೆ, ಕಾಫಿ ನಮ್ಮ ಮನೆಯದ್ದು. ರಿಜಿಸ್ಟರಿನ ಕ್ರಮಸಂಖ್ಯೆ ಇರಲಿ, ಲೆಕ್ಕಪರಿಶೋಧನೆಗೆ ಅದು ಬೇಕು. ಓದುಗನಿಗೆ ಬೇಕಾದ್ದು ಬೆನ್ನಿನ ಮೇಲಿನ ನಂಬರು.

ಇನ್ನೆರಡು ಸಣ್ಣ ಮಾತು. ಬೀರುಗಳನ್ನು ಗೋಡೆಯಿಂದ ಒಂದು ಮೊಳ ಈಚೆ ನಿಲ್ಲಿಸಿ, ಬೂಷ್ಟು ಹಿಡಿಯುವುದು ಕಡಿಮೆಯಾಗುತ್ತದೆ. ಪ್ರತಿ ಖಾನೆಯ ಕೊನೆಯಲ್ಲಿ ಸ್ವಲ್ಪ ಜಾಗ ಖಾಲಿ ಬಿಡಿ. ಖಾಲಿ ಕಂಡರೆ ಉದ್ಘಾಟನೆಗೆ ಬಂದವರಿಗೆ ಚಂದ ಕಾಣದಿರಬಹುದು. ಮುಂದಿನ ವರ್ಷದ 633 ಬಂದು ಕೂರಬೇಕಾದ್ದು ಅಲ್ಲೇ.

ಅಂದ ಹಾಗೆ, ನಿಮ್ಮ ತಂದೆಯವರು ಗ್ರಂಥಾಲಯಕ್ಕೆ ಕೊಟ್ಟಿದ್ದ ಜೇನು ಸಾಕಣೆಯ ಪುಸ್ತಕ ನೆನಪಿದೆಯಾ? ಒಳಪುಟದಲ್ಲಿ ಅವರ ಸಹಿಯಿತ್ತು. ರಿಜಿಸ್ಟರಿನಲ್ಲಿ 5-1-3 ಅಂತ ಇದೆ, ಐದನೇ ಬೀರುವಿನಲ್ಲಿ ಇಲ್ಲ. ಮೂರು ಶನಿವಾರ ಹುಡುಕಿದೆ. ಈ ಶನಿವಾರ ಎರಡು ಗಂಟೆಗೆ ಮತ್ತೆ ಹೋಗುತ್ತಿದ್ದೇನೆ. ಬಿಡುವಿದ್ದರೆ ನೀವೂ ಬನ್ನಿ, ಒಬ್ಬರು ಕಿಟಕಿಯ ಕಡೆಯಿಂದ ನೋಡಿದರೆ ಇನ್ನೊಬ್ಬರು ಬಾಗಿಲ ಕಡೆಯಿಂದ ನೋಡಬಹುದು.

ಇಂತಿ,
ನಿಮ್ಮ ಪಂಚಾಯ್ತಿಯ ಒಬ್ಬ ಬೆಳೆಗಾರ, ಗ್ರಂಥಾಲಯದ ಸದಸ್ಯ
ಕೊಡಗು