ಹೊಳಪಿಗಿಂತ ನಾಣ್ಯ ಸಿಕ್ಕ ಜಾಗ ಮುಖ್ಯ

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರಾಚೀನ ರೋಮನ್ ಬೆಳ್ಳಿ ನಾಣ್ಯಗಳ ಸಂಗ್ರಹದ ಕುರಿತು ಬಂದ ಬರಹವನ್ನು ಆಸಕ್ತಿಯಿಂದ ಓದಿದೆ. ಇಂಥ ವಿಷಯಕ್ಕೆ ಕನ್ನಡ ಪತ್ರಿಕೆಯೊಂದು ಅರ್ಧ ಪುಟ ಕೊಟ್ಟದ್ದು ನನಗೆ ತುಂಬ ಸಂತೋಷ ತಂದಿದೆ. ಆದರೆ ಚಕ್ರವರ್ತಿಯ ಮುಖದ ಅಂದ, ಅಕ್ಷರಗಳ ಸ್ಪಷ್ಟತೆ, ಬೆಳ್ಳಿಯ ಹೊಳಪು ಇವಿಷ್ಟನ್ನು ನೋಡಿ ನಾಣ್ಯ ಕೊಳ್ಳಬೇಕೆಂದು ಹೊಸಬರಿಗೆ ಅದರಲ್ಲಿ ಹೇಳಿರುವ ಮಾತನ್ನು ನಾನು ಒಪ್ಪಲಾರೆ. ಇಪ್ಪತ್ತೆಂಟು ವರ್ಷಗಳಿಂದ ಈ ನಾಣ್ಯಗಳನ್ನು ಕೂಡಿಡುತ್ತ ಬಂದಿರುವ ನನಗೆ, ಎಲ್ಲಿ ಸಿಕ್ಕಿತು, ಯಾವುದರ ಜೊತೆ ಸಿಕ್ಕಿತು ಎಂಬುದು ಗೊತ್ತಿಲ್ಲದ ನಾಣ್ಯ ಎಷ್ಟೇ ಚೆಂದವಿದ್ದರೂ ಅರ್ಧ ನಾಣ್ಯವೆಂದೇ ಅನಿಸುತ್ತದೆ.

ಡಿನೇರಿಯಸ್ ಎಂಬ ಈ ಬೆಳ್ಳಿ ನಾಣ್ಯ ರೋಮಿನ ಮೊದಲ ಚಕ್ರವರ್ತಿ ಆಗಸ್ಟಸ್‌ನ ಕಾಲದಲ್ಲಿ ನಾಲ್ಕು ಗ್ರಾಮಿಗೆ ತುಸು ಕಡಿಮೆ ತೂಗುತ್ತಿತ್ತು, ಹೆಚ್ಚುಕಡಿಮೆ ಅಪ್ಪಟ ಬೆಳ್ಳಿಯದಾಗಿತ್ತು. ಕ್ರಿ.ಶ. 64ರ ಸುಮಾರಿಗೆ ನೀರೊ ಚಕ್ರವರ್ತಿ ಒಂದು ರೋಮನ್ ಪೌಂಡ್ ತೂಕಕ್ಕೆ 84 ನಾಣ್ಯಗಳ ಬದಲು 96 ನಾಣ್ಯಗಳನ್ನು ಟಂಕಿಸತೊಡಗಿದ, ತಾಮ್ರದ ಬೆರಕೆಯನ್ನೂ ಹೆಚ್ಚಿಸಿದ. ಎರಡನೆಯ ಶತಮಾನದ ಕೊನೆಯಲ್ಲಿ ಸೆಪ್ಟಿಮಿಯಸ್ ಸೆವೆರಸ್ ಆಳುವಾಗ ಬೆಳ್ಳಿಯ ಪಾಲು ಸುಮಾರು ಅರ್ಧಕ್ಕೆ ಇಳಿದಿತ್ತು. 215ರಲ್ಲಿ ಕ್ಯಾರಕಲ್ಲ ಹೊರಡಿಸಿದ ಹೊಸ ನಾಣ್ಯದಲ್ಲಿ ದೊರೆಯ ತಲೆಯ ಮೇಲೆ ಸೂರ್ಯಕಿರಣಗಳ ಕಿರೀಟವಿದೆ. ಅದು ಎರಡು ಡಿನೇರಿಯಸ್‌ಗೆ ಸಮನಾಗಿ ಚಲಾವಣೆಯಾಯಿತೆಂದು ವಿದ್ವಾಂಸರು ಭಾವಿಸುತ್ತಾರೆ, ಆದರೆ ತೂಕದಲ್ಲಿ ಅದು ಒಂದೂವರೆ ಡಿನೇರಿಯಸ್ ಮಾತ್ರ. ಗ್ಯಾಲಿಯೆನಸ್‌ನ ಆಳ್ವಿಕೆ ಮುಗಿಯುವ ಹೊತ್ತಿಗೆ, ಅಂದರೆ 268ರ ಹೊತ್ತಿಗೆ, ಆ ನಾಣ್ಯದಲ್ಲಿ ನೂರಕ್ಕೆ ಐದು ಪಾಲು ಬೆಳ್ಳಿಯೂ ಉಳಿದಿರಲಿಲ್ಲ. ತಾಮ್ರದ ಮೇಲೆ ಬೆಳ್ಳಿಯ ತೆಳು ಪೊರೆ, ಅಷ್ಟೇ.

ಈ ಇಳಿಕೆಯನ್ನು ಒಂದೊಂದೇ ನಾಣ್ಯವನ್ನು ತೂಗಿ, ಪರೀಕ್ಷಿಸಿ ಅಳೆಯಬಹುದು. ಆದರೆ ಆ ಕಾಲದ ಜನ ಇದನ್ನು ಕಂಡುಕೊಂಡಿದ್ದರೇ, ಹಳೆಯ ಒಳ್ಳೆಯ ಬೆಳ್ಳಿಯನ್ನು ಆರಿಸಿ ಬಚ್ಚಿಟ್ಟು ಹೊಸದನ್ನು ಪೇಟೆಗೆ ಬಿಟ್ಟರೇ ಎಂಬುದನ್ನು ತಿಳಿಸುವುದು ಮಡಕೆಯಲ್ಲಿ ಒಟ್ಟಿಗೆ ಸಿಕ್ಕ ನಿಧಿ ಮಾತ್ರ. ಆ ಮಡಕೆಯನ್ನು ಒಡೆದು ನಾಣ್ಯಗಳನ್ನು ಹತ್ತು ಕೈಗೆ ಹಂಚಿದರೆ ಆ ಸಾಕ್ಷ್ಯ ಅಲ್ಲಿಗೇ ಅಳಿಯುತ್ತದೆ.

ಇಂಗ್ಲೆಂಡಿನ ಫ್ರೋಮ್ ಪಟ್ಟಣದ ಬಳಿ 2010ರಲ್ಲಿ ನಡೆದದ್ದನ್ನು ಇಲ್ಲಿ ನೆನೆಯಬೇಕು. ಲೋಹಶೋಧಕ ಹಿಡಿದು ಹೊಲದಲ್ಲಿ ಹುಡುಕುತ್ತಿದ್ದ ಹವ್ಯಾಸಿಯೊಬ್ಬರಿಗೆ ನೆಲದೊಳಗೆ ಮಡಕೆಯ ಬಾಯಿ ಕಂಡಿತು. ಅವರು ಕೈ ಹಾಕಿ ತೆಗೆಯಲಿಲ್ಲ. ಗುಂಡಿಯನ್ನು ಮತ್ತೆ ಮುಚ್ಚಿ ಪುರಾತತ್ತ್ವಜ್ಞರಿಗೆ ತಿಳಿಸಿದರು. ಮಡಕೆಯಲ್ಲಿ 52,503 ನಾಣ್ಯಗಳಿದ್ದವು. ಬಂದವರು ಅವನ್ನು ಪದರ ಪದರವಾಗಿ ತೆಗೆದದ್ದರಿಂದ ಒಂದು ಅಚ್ಚರಿ ಹೊರಬಿತ್ತು. ಎಲ್ಲಕ್ಕಿಂತ ಈಚಿನವಾದ, 286ರಿಂದ 293ರವರೆಗೆ ಬ್ರಿಟನ್ನನ್ನು ಆಳಿದ ಕ್ಯಾರೌಸಿಯಸ್‌ನ ನಾಣ್ಯಗಳು ಮೇಲ್ಭಾಗದಲ್ಲಿರದೆ ಹೆಚ್ಚಾಗಿ ಮಡಕೆಯ ಕೆಳಗಡೆಯೇ ಇದ್ದವು. ಹಾಗಾದರೆ ಅದು ವರ್ಷ ವರ್ಷ ಕೂಡಿಟ್ಟ ಉಳಿತಾಯವಲ್ಲ, ಒಂದೇ ಸಲ ಸುರಿದದ್ದು. ದೇವತೆಗೆ ಅರ್ಪಿಸಿದ ಕಾಣಿಕೆಯೂ ಇದ್ದೀತು. ಆ ತಾಮ್ರದ ರಾಶಿಯ ನಡುವೆ ಕ್ಯಾರೌಸಿಯಸ್ ಒಳ್ಳೆಯ ಬೆಳ್ಳಿಯಲ್ಲಿ ಟಂಕಿಸಿದ ಐದು ಡಿನೇರಿಯಸ್‌ಗಳಿದ್ದವು. ಆ ಐದನ್ನಷ್ಟೇ ಆರಿಸಿ ಮಾರಿದ್ದರೆ ಹಣ ಸಿಗುತ್ತಿತ್ತು, ಈ ಕತೆ ಸಿಗುತ್ತಿರಲಿಲ್ಲ. ಅಲ್ಲಿನ 1996ರ ಕಾಯ್ದೆಯಂತೆ ನಿಧಿಯನ್ನು ವಸ್ತುಸಂಗ್ರಹಾಲಯ ಕೊಂಡುಕೊಂಡಿತು, ಅದರ ಹಣ ಹುಡುಕಿದವರಿಗೂ ಹೊಲದ ಒಡೆಯರಿಗೂ ಸಂದಿತು.

ಇದು ದೂರದ ಮಾತೆಂದು ಓದುಗರು ಭಾವಿಸಬಾರದು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 160ಕ್ಕೂ ಹೆಚ್ಚು, 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ 250ಕ್ಕೂ ಹೆಚ್ಚು ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ದಕ್ಷಿಣ ಭಾರತದಲ್ಲಿ ಸಿಗುವ ಡಿನೇರಿಯಸ್‌ಗಳಲ್ಲಿ ಬಹುಪಾಲು ಆಗಸ್ಟಸ್ ಮತ್ತು ಅವನ ಬಳಿಕ ಆಳಿದ ಟೈಬೀರಿಯಸ್ ಕಾಲದವು. ನೀರೊ ಬೆಳ್ಳಿಯನ್ನು ಇಳಿಸಿದ ಮೇಲಿನವು ತೀರ ವಿರಳ. ಇಲ್ಲಿನ ವರ್ತಕರು ಕೈಗೆ ಬಂದ ನಾಣ್ಯವನ್ನೆಲ್ಲ ಇಟ್ಟುಕೊಳ್ಳದೆ ಬೆಳ್ಳಿಯ ಗುಣ ನೋಡಿ ಆರಿಸುತ್ತಿದ್ದರೆಂದು ಊಹಿಸಲು ನಮಗಿರುವ ದೊಡ್ಡ ಆಧಾರವೇ ಈ ನಿಧಿಗಳು. ಇನ್ನು ಚಿತ್ರದುರ್ಗದ ಚಂದ್ರವಳ್ಳಿ. 1947ರಲ್ಲಿ ಬ್ರಿಟಿಷ್ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ನಡೆಸಿದಾಗ ಸಿಕ್ಕ ಟೈಬೀರಿಯಸ್‌ನ ಒಂದು ಡಿನೇರಿಯಸ್, ಶಾತವಾಹನರ ಕಾಲದ ಪದರಗಳಿಗೆ ಕಾಲ ನಿರ್ಣಯಿಸಲು ನೆರವಾಯಿತು. ಅಂಥದೇ ನಾಣ್ಯಗಳು ಇಂದು ಹರಾಜಿನಲ್ಲಿ ಸಾಲುಸಾಲಾಗಿ ಬಿಕರಿಯಾಗುತ್ತವೆ, ಸಿಕ್ಕ ಜಾಗ ಗೊತ್ತಿಲ್ಲದ ಅಂಥ ಒಂದಕ್ಕೂ ಆ ಶಕ್ತಿ ಇಲ್ಲ.

ನನ್ನದೊಂದು ತಪ್ಪನ್ನೂ ಇಲ್ಲಿ ಹೇಳಬೇಕು. ನಾನು ಮೊದಲು ಕೊಂಡದ್ದು ಟೈಬೀರಿಯಸ್‌ನ ಡಿನೇರಿಯಸ್. ಒಂದು ಬದಿಯಲ್ಲಿ ಎಲೆಯ ಕಿರೀಟ ತೊಟ್ಟ ದೊರೆ, ಇನ್ನೊಂದು ಬದಿಯಲ್ಲಿ ಕೈಯಲ್ಲಿ ರಾಜದಂಡ ಮತ್ತು ರೆಂಬೆ ಹಿಡಿದು ಕುಳಿತ ಹೆಣ್ಣು. ಬೈಬಲ್ಲಿನಲ್ಲಿ ಯೇಸು ತೋರಿಸಿರೆಂದು ಕೇಳಿದ ತೆರಿಗೆಯ ನಾಣ್ಯ ಇದೇ ಎಂಬ ನಂಬಿಕೆಯಿಂದ ಇದಕ್ಕೆ ಬೇಡಿಕೆ ಹೆಚ್ಚು. ಎಲ್ಲಿ ಸಿಕ್ಕಿತೆಂದು ನಾನು ವ್ಯಾಪಾರಿಯನ್ನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮನೆಗೆ ತಂದು, ದೇವರ ಮನೆಯ ಬೆಳ್ಳಿ ದೀಪ ಬೆಳಗುವಂತೆ ವಿಭೂತಿ ಹಾಕಿ ಉಜ್ಜಿಬಿಟ್ಟೆ. ಶತಮಾನಗಳಲ್ಲಿ ಕಟ್ಟಿಕೊಂಡಿದ್ದ ಕಪ್ಪು ಪೊರೆ, ಅಕ್ಷರಗಳ ಸಂದಿನಲ್ಲಿ ಉಳಿದಿದ್ದ ಮಣ್ಣು ಎರಡೂ ಹೋದವು. ಅದು ಹುಗಿದಿದ್ದ ನೆಲದ್ದೆಂದು ಉಳಿದಿದ್ದ ಒಂದೇ ಗುರುತು ಆ ಮಣ್ಣು. ಹಳೆಯ ಬೆಳ್ಳಿ ಒಳಗೊಳಗೇ ಹರಳುಗಟ್ಟಿ ಪೆಡಸಾಗಿರುತ್ತದೆ, ತಿಕ್ಕುವಾಗ ಎರಡು ತುಂಡಾಗುವುದೂ ಉಂಟೆಂದು ಆಮೇಲೆ ತಿಳಿಯಿತು. ಆ ನಾಣ್ಯ ಇಂದಿಗೂ ನನ್ನಲ್ಲಿದೆ. ಅದರ ಚೀಟಿಯಲ್ಲಿ ಸಿಕ್ಕ ಸ್ಥಳದ ಮುಂದೆ ಬರೆಯಲು ಏನೂ ಇಲ್ಲ.

ಆದ್ದರಿಂದ ಕೊಳ್ಳುವವರು ಮೊದಲು ಕೇಳಬೇಕಾದದ್ದು ಹಳೆಯ ದಾಖಲೆಯನ್ನು: ಯಾವ ಸಂಗ್ರಹದಿಂದ ಬಂತು, ಎಂದು ಮಾರಾಟವಾಯಿತು, ಯಾವ ನಿಧಿಯದು. ದಾಖಲೆ ಇರುವ ನಾಣ್ಯಕ್ಕೆ ಹೆಚ್ಚು ಹಣ ಕೊಡುವುದು ಯೋಗ್ಯ, ಏಕೆಂದರೆ ಎರಕ ಹೊಯ್ದ ನಕಲಿಗಳಿಂದ ಪಾರಾಗಲು ಹೊಸಬರಿಗೆ ಅದಕ್ಕಿಂತ ಒಳ್ಳೆಯ ರಕ್ಷಣೆ ಇಲ್ಲ. ನಮ್ಮಲ್ಲಿ 1972ರ ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತುವಾದ್ದರಿಂದ ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಪಾಯ ತೋಡುವಾಗಲೋ ಹೊಲ ಉಳುವಾಗಲೋ ನಾಣ್ಯದ ಮಡಕೆ ಸಿಕ್ಕವರು ಜಿಲ್ಲಾಧಿಕಾರಿಗೆ ತಿಳಿಸಬೇಕು. ಅದಕ್ಕೂ ಮೊದಲು ಮಡಕೆಯನ್ನು ಇದ್ದಲ್ಲೇ ಬಿಡಬೇಕು, ತೊಳೆಯಬಾರದು.

ತಮ್ಮ ಪುರವಣಿಯಲ್ಲಿ ಮುಂದೆ ಇಂಥ ನಾಣ್ಯದ ಚಿತ್ರ ಅಚ್ಚಾದಾಗ ಅದರ ಕೆಳಗೆ ದೊರೆಯ ಹೆಸರು ಮತ್ತು ಬೆಲೆಯ ಜೊತೆಗೆ ಸಿಕ್ಕ ಸ್ಥಳವನ್ನೂ, ಅದು ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ, ಮುದ್ರಿಸಬೇಕೆಂದು ವಿನಂತಿಸುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಒಬ್ಬ ನಾಣ್ಯ ಸಂಗ್ರಾಹಕ, ಮೈಸೂರು